ಸಂಬಳ ಕೇಳಬಾರದು ಅನ್ನುವ ಊರಿನಿಂದ ಡೊಂಬಿವಲಿಗೆ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಹೊಸದಾಗಿ ಪರಿಚಯವಾದವರು ಹೆಸರು, ಊರು ಕೇಳಿದ ಮೇಲೆ ಮೂರನೆಯದಾಗಿ ಕೇಳುವುದು ಮನೆ ಸ್ವಂತದ್ದೋ ಬಾಡಿಗೆಯದ್ದೋ ಅಂತ. ಬಾಡಿಗೆ ಅಂದರೆ ಎಷ್ಟು, ಡೆಪಾಸಿಟ್ ಎಷ್ಟು, ದಲ್ಲಾಳಿ ಎಷ್ಟು ತಗೊಂಡ. ಸ್ವಂತದ್ದು ಅಂದರೆ ಸಾಲ ಇನ್ನೆಷ್ಟು ಉಳಿದಿದೆ. ಹಾಸನದ ಕಡೆಯಿಂದ ಬಂದ ನನಗೆ ಮೊದಮೊದಲು ಮೈಯೆಲ್ಲ ಮುದುಡುತ್ತಿತ್ತು. ಗಂಡಸಿನ ಸಂಬಳ, ಹೆಂಗಸಿನ ವಯಸ್ಸು ಕೇಳಬಾರದು ಅಂತ ಹೇಳಿಸಿಕೊಂಡು ಬೆಳೆದವರು ನಾವು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವೆ, ಸರಿ. ಆದರೆ ಹಾಸಿಗೆ ಎಷ್ಟುದ್ದ ಅಂತ ಎಷ್ಟೋ ಮನೆಗಳಲ್ಲಿ ಹೆಂಡತಿಗೂ ಗೊತ್ತಿರುವುದಿಲ್ಲ.

ಮುಂಬೈಯವರು ಲೆಕ್ಕಾಚಾರದವರು, ಸ್ವಲ್ಪ ಜುಗ್ಗರು ಅಂತ ಊರಲ್ಲಿ ಮಾತಿದೆ. ನನಗೆ ಹಾಗೆ ಕಂಡಿಲ್ಲ. ಗಣಪತಿ ಹಬ್ಬಕ್ಕೆ ಇವರು ಮಾಡುವ ಖರ್ಚು ನೋಡಿದರೆ ಜುಗ್ಗರು ಅನ್ನುವ ಮಾತು ಬಾಯಿಗೆ ಬರುವುದಿಲ್ಲ. ಇವರು ದುಡ್ಡಿನ ವಿಷಯ ಬಾಯಿಬಿಟ್ಟು ಮಾತಾಡುತ್ತಾರೆ, ಉಳಿತಾಯದ ಗುಟ್ಟು ಅಲ್ಲೇ ಇದೆ ಅನ್ನುವುದು ನನ್ನ ಅನಿಸಿಕೆ.

ಬಾಡಿಗೆಯನ್ನೇ ತಗೊಳ್ಳಿ. ಇಲ್ಲಿ ಸಾಮಾನ್ಯವಾಗಿ ಹನ್ನೊಂದು ತಿಂಗಳ ಕರಾರು, ಅದು ಬರವಣಿಗೆಯಲ್ಲಿದ್ದು ನೋಂದಣಿ ಆಗಲೇಬೇಕು, ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆ ಹಾಗೆ ಹೇಳುತ್ತದೆ. ನೆರೆಹೊರೆಯವರು ಬಾಡಿಗೆ ಇಂತಿಷ್ಟು ಅಂತ ಮುಚ್ಚುಮರೆಯಿಲ್ಲದೆ ಹೇಳುವುದರಿಂದ ಹೊಸಬನಿಗೆ ಟೋಪಿ ಹಾಕುವುದು ಅಷ್ಟು ಸುಲಭವಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೆನೆಸಿಕೊಳ್ಳಿ. ಬಾಡಿಗೆ 20,000 ಆದರೆ 2 ಲಕ್ಷ ಮನೆಮಾಲೀಕನ ಹತ್ತಿರ ಬಡ್ಡಿಯಿಲ್ಲದೆ ಕೂತಿರುತ್ತದೆ. ಶೇ. 7ರ ಲೆಕ್ಕದಲ್ಲಿ ವರ್ಷಕ್ಕೆ 14,000, ಅಂದರೆ ತಿಂಗಳ ಬಾಡಿಗೆ ನಿಜಕ್ಕೂ 21,000ಕ್ಕಿಂತ ಹೆಚ್ಚು. ಖಾಲಿ ಮಾಡುವಾಗ ಬಣ್ಣದ ಖರ್ಚು ಅಂತ ಹಿಡಿದುಕೊಳ್ಳುವುದು ಬೇರೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಡೆಪಾಸಿಟ್ ಸಾಕು ಅನ್ನುತ್ತದೆ, ಆದರೆ ರಾಜ್ಯಗಳು ಒಪ್ಪಿಕೊಂಡರೆ ತಾನೇ.

ಇನ್ನು ಭಿಶಿ, ಅಂದರೆ ಇಲ್ಲಿಯವರ ಚೀಟಿ ವ್ಯವಹಾರ. ಸಂಜೆ ಲೋಕಲ್‌ನ ಮಹಿಳಾ ಡಬ್ಬಿಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಾ, ಬಟಾಣಿ ಸುಲಿಯುತ್ತಾ ಹೋಗುವ ಹೆಂಗಸರನ್ನು ನೀವು ಫೋಟೋದಲ್ಲಿ ನೋಡಿರಬಹುದು. ನನ್ನ ಹೆಂಡತಿಯ ಗುಂಪಿನಲ್ಲಿ ಸೊಪ್ಪಿನ ಜೊತೆ ಭಿಶಿಯ ಲೆಕ್ಕವೂ ಅಲ್ಲೇ ಆಗುತ್ತದೆ. ಹನ್ನೆರಡು ಜನ, ತಿಂಗಳಿಗೆ ತಲಾ 3,000. ಹೆಸರು ಬರೆದ ಚೀಟಿಗಳನ್ನು ಊಟದ ಡಬ್ಬಿಯ ಮುಚ್ಚಳದಲ್ಲಿ ಹಾಕಿ ಕುಲುಕಿ, ಯಾರ ಮಗುವಾದರೂ ಜೊತೆಗಿದ್ದರೆ ಅದರ ಕೈಯಲ್ಲಿ ಎತ್ತಿಸುತ್ತಾರೆ. ಬಂದವಳಿಗೆ 36,000. ಮರುಕ್ಷಣವೇ ಏನು ಮಾಡ್ತೀ ಅನ್ನುವ ಪ್ರಶ್ನೆ. ಮಗನ ಫೀಸು, ಅತ್ತೆಯ ಕಣ್ಣಿನ ಆಪರೇಷನ್, ಎಲ್ಲವೂ ಠಾಣೆ ಬರುವುದರೊಳಗೆ ಎಲ್ಲರಿಗೂ ಗೊತ್ತು.

ಊರಿನ ಹರಾಜು ಚೀಟಿಯ ರೀತಿ ಬೇರೆ. ಇಪ್ಪತ್ತು ಜನ, 5,000ದಂತೆ 1 ಲಕ್ಷದ ಚೀಟಿ ಅಂದುಕೊಳ್ಳಿ. ಅವಸರ ಇದ್ದವನು 25,000 ಬಿಟ್ಟು 75,000ಕ್ಕೆ ಕೂಗುತ್ತಾನೆ. ಬಿಟ್ಟ ದುಡ್ಡಿನಲ್ಲಿ ಚೀಟಿ ನಡೆಸುವವನ ಕಮಿಷನ್ ಹೋಗಿ ಮಿಕ್ಕಿದ್ದು ಎಲ್ಲರಿಗೂ ಹಂಚಿಕೆ. ನೋಂದಾಯಿತ ಚೀಟಿಯಲ್ಲಿ ಕಮಿಷನ್‌ಗೆ ಶೇ. 5ರ ಮಿತಿಯಿತ್ತು, 2019ರ ತಿದ್ದುಪಡಿಯಲ್ಲಿ 7 ಆಯಿತು. ಗಣಿತವಾಗಿ ಇದು ಭಿಶಿಗಿಂತ ಜಾಣ ಏರ್ಪಾಡು. ಬೇಕಾದವನಿಗೆ ಬೇಕಾದಾಗ ದುಡ್ಡು, ಕಾದವನಿಗೆ ಲಾಭ. ಆದರೆ ನಮ್ಮಲ್ಲಿ ಕಡಿಮೆಗೆ ಕೂಗಿದರೆ ಇವನಿಗೇನೋ ಕಷ್ಟ ಬಂದಿದೆ ಅಂತ ಊರಿಗೆಲ್ಲ ಗೊತ್ತಾಗುತ್ತದಲ್ಲ, ಅದಕ್ಕೇ ಭಾವಮೈದುನನ ಹೆಸರಲ್ಲಿ ಚೀಟಿ ಹಾಕುವುದು, ಇನ್ನೊಬ್ಬನ ಕೈಲಿ ಕೂಗಿಸುವುದು. ಮರ್ಯಾದೆಗಾಗಿ ಹೀಗೆ ಕಟ್ಟುವ ಗೋಡೆಯ ಮರೆಯಲ್ಲೇ ಚೀಟಿ ನಡೆಸುವವನು ಒಂದು ದಿನ ಮನೆಗೆ ಬೀಗ ಹಾಕಿಕೊಂಡು ಹೋಗುವುದು. ಯಾರದ್ದು ಎಷ್ಟು ಅಂತ ಯಾರಿಗೂ ಗೊತ್ತಿಲ್ಲ, ಹೇಳಿಕೊಳ್ಳಲು ನಾಚಿಕೆ.

ಭಿಶಿಯನ್ನು ಹೊಗಳಿ ಅಟ್ಟಕ್ಕೇರಿಸುತ್ತಿಲ್ಲ. ಅದಕ್ಕೂ ಕಾಗದಪತ್ರವಿಲ್ಲ. ಕೊನೆಯ ತಿಂಗಳು ಹೆಸರು ಬಂದವಳಿಗೆ ತನ್ನದೇ ದುಡ್ಡು ಬಡ್ಡಿಯಿಲ್ಲದೆ ಸಿಗುತ್ತದೆ. ಅಂಚೆ ಕಚೇರಿಯಲ್ಲಿ ತಿಂಗಳು ತಿಂಗಳು ಕಂತು ಕಟ್ಟುವ ಐದು ವರ್ಷದ ಆರ್‌ಡಿಗೆ 2023ರ ಅಕ್ಟೋಬರ್‌ನಲ್ಲಿ ಶೇ. 6.7 ಮಾಡಿದರು, ಲೆಕ್ಕಕ್ಕೆ ಅದೇ ಮೇಲು. ಆದರೆ ಆರ್‌ಡಿ ಕಂತು ತಪ್ಪಿದರೆ ಅಂಚೆಯವರು ಸಣ್ಣ ದಂಡ ಹಾಕಿ ಸುಮ್ಮನಾಗುತ್ತಾರೆ, ಭಿಶಿ ತಪ್ಪಿದರೆ ನಾಳೆ 8.12ರ ಲೋಕಲ್‌ನಲ್ಲಿ ಹನ್ನೊಂದು ಮುಖ ನೋಡಬೇಕು.

ನಮ್ಮ ಹೌಸಿಂಗ್ ಸೊಸೈಟಿಯ ಲಿಫ್ಟಿನ ಪಕ್ಕ ಒಂದು ನೋಟಿಸ್ ಬೋರ್ಡಿದೆ. ನಿರ್ವಹಣಾ ಶುಲ್ಕ ಬಾಕಿ ಉಳಿಸಿಕೊಂಡವರ ಫ್ಲ್ಯಾಟ್ ನಂಬರು, ಹೆಸರು, ಮೊತ್ತ ಎಲ್ಲ ಅಲ್ಲಿ. ಪಕ್ಕದಲ್ಲೇ ಸಿಂಕಿಂಗ್ ಫಂಡಿನ, ಅಂದರೆ ಮುಂದೆ ಬರುವ ದೊಡ್ಡ ರಿಪೇರಿಗೆ ಅಂತ ಎತ್ತಿಡುವ ದುಡ್ಡಿನ ಲೆಕ್ಕ. ಕಟ್ಟಡದ ನಿರ್ಮಾಣ ವೆಚ್ಚದ ಕನಿಷ್ಠ ಶೇ. 0.25ರಷ್ಟನ್ನು ವರ್ಷವರ್ಷವೂ ತೆಗೆದಿಡಬೇಕು ಅಂತ ಸೊಸೈಟಿಗಳ ಮಾದರಿ ಬೈಲಾದಲ್ಲೇ (ನಿಯಮಾವಳಿಯಲ್ಲೇ) ಇದೆ. ಅಮ್ಮ ಊರಿಂದ ಬಂದಾಗ ಆ ಪಟ್ಟಿ ಓದಿಸಿಕೊಂಡು, ‘ಅಯ್ಯೋ, ಹಿಂಗೆ ಗೋಡೆಗೆ ಹಚ್ಚಿ ಮಾನ ತೆಗೀತಾರಲ್ಲೋ’ ಅಂದರು. ಪಟ್ಟಿಯ ಎರಡನೇ ಹೆಸರಿನ ಮನುಷ್ಯ ಅಷ್ಟರಲ್ಲಿ ಲಿಫ್ಟಿನಿಂದ ಇಳಿದು ಬಂದು, ಅಮ್ಮನಿಗೆ ಕೈಮುಗಿದು, ತನ್ನ ಹೆಸರಿನತ್ತ ಬೊಟ್ಟು ಮಾಡಿ ಬೋನಸ್ ಬರಲಿ ಕಟ್ಟುತ್ತೇನೆ ಅಂತ ನಕ್ಕು ಹೋದರು. ಅಮ್ಮನಿಗೆ ಆ ನಗುವೇ ಅರ್ಥವಾಗಲಿಲ್ಲ.

ಅಡುಗೆಮನೆಯಲ್ಲಿ ಮಾತ್ರ ಎರಡೂ ಕಡೆಯ ಬುದ್ಧಿ ಒಂದೇ. ಹೋಳಿಗೆಯ ಬೇಳೆಕಟ್ಟಿನಿಂದ ನಾವು ಹೋಳಿಗೆ ಸಾರು ಮಾಡಿದರೆ ಇವರು ಕಟಾಚಿ ಆಮಟಿ ಮಾಡುತ್ತಾರೆ, ಒಂದು ತೊಟ್ಟೂ ಚೆಲ್ಲುವುದಿಲ್ಲ. ಬೇಸಿಗೆಯಲ್ಲಿ ವರ್ಷದ ತೊಗರಿಬೇಳೆ ಒಣಗಿಸಿ, ಹರಳೆಣ್ಣೆ ಸವರಿ ತುಂಬಿಡುವುದೂ ಹಾಗೆಯೇ.

ಬಾಯಿಬಿಟ್ಟು ಲೆಕ್ಕ ಹೇಳುವುದು ಮರಾಠಿ ಗುಣ, ನಮಗೆ ಒಗ್ಗದ್ದು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಕೆನರಾ ಸೀಮೆಯ ಸಾರಸ್ವತರಿಗಾಗಿ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ಇದೇ ಮುಂಬೈಯಲ್ಲಿ 1906ರಲ್ಲಿ ಶ್ಯಾಮರಾವ್ ವಿಠ್ಠಲ್ ಸಹಕಾರಿ ಬ್ಯಾಂಕು ಕಟ್ಟಿದರು, 1915ರಲ್ಲಿ ಗಾಂವದೇವಿಯಲ್ಲಿ ಸಹಕಾರಿ ವಸತಿ ಸಂಘವನ್ನೂ. ಅದಕ್ಕೂ ಮೊದಲು, 1905ರಲ್ಲಿ, ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಸಹಕಾರಿ ಸಂಘ ಶುರುಮಾಡಿದ್ದರು. ಹತ್ತಾರು ಜನ ಒಂದೆಡೆ ಕೂತು ಯಾರ ಸಾಲ ಎಷ್ಟು ಅಂತ ಓದದೆ ಇಂಥ ಸಂಘ ನಡೆಯುತ್ತದೆಯೇ? (ಸಹಕಾರಿ ಅಂದಾಕ್ಷಣ ಕಣ್ಣುಮುಚ್ಚಿ ದುಡ್ಡು ಹಾಕಬೇಡಿ. 2020ರ ಫೆಬ್ರವರಿಯಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆಯಿದೆ. ಅದರ ಮೇಲಿನದನ್ನು ಬೇರೆ ಬ್ಯಾಂಕಿನಲ್ಲಿಡಿ.) ನಮ್ಮ ಹಳ್ಳಿಯ ಮದುವೆಗಳಲ್ಲೂ ಮುಯ್ಯಿ ಬರೆಯುವವರು ಚಪ್ಪರದ ಬಾಗಿಲಲ್ಲೇ ನೋಟ್‌ಬುಕ್ ಹಿಡಿದು ಕೂತು, ಇಂಥವರ ಮಗ ಇಂಥವರು ಇಷ್ಟು ರೂಪಾಯಿ ಅಂತ ಕೂಗಿ ಹೇಳಿ ಬರೆಯುತ್ತಿದ್ದರು. ಆಗ ಯಾರ ಮಾನವೂ ಹೋಗುತ್ತಿರಲಿಲ್ಲ. ನೌಕರಿ ಹಿಡಿದು ಪಟ್ಟಣಕ್ಕೆ ಬಂದ ಮೇಲೆ ನಾವು ಬಾಯಿ ಮುಚ್ಚಿಕೊಂಡೆವು.

ಇದರಿಂದ ಆಗುವ ನಷ್ಟ ಸಣ್ಣದಲ್ಲ. ದೊಡ್ಡಪ್ಪ ತೀರಿಕೊಂಡಾಗ ಟ್ರಂಕಿನ ತಳದಲ್ಲಿ, ಹಳೆಯ ಪಂಚಾಂಗದ ಹಾಳೆಗಳ ನಡುವೆ ಒಂದು ಎಫ್‌ಡಿ ರಸೀದಿ ಸಿಕ್ಕಿತು. ನಾಮಿನಿ ಜಾಗ ಖಾಲಿ. ದೊಡ್ಡಮ್ಮನಿಗೆ ಅಂಥದ್ದೊಂದು ಇದೆಯೆಂದೇ ಗೊತ್ತಿರಲಿಲ್ಲ. ವಾರಸುದಾರರ ಪ್ರಮಾಣಪತ್ರ, ಅಫಿಡವಿಟ್ಟು ಅಂತ ಅಲೆದದ್ದು ಅಲೆದದ್ದೇ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿಯನ್ನು ಬ್ಯಾಂಕು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಕಳಿಸುತ್ತದೆ. ವಾರಸುದಾರರು ಆಮೇಲೂ ಕೇಳಿ ಪಡೆಯಬಹುದು, ಆದರೆ ಅದು ಇದೆ ಅಂತ ಗೊತ್ತಿರಬೇಕಲ್ಲ! ಹುಡುಕುವುದಕ್ಕೆ 2023ರ ಆಗಸ್ಟ್‌ನಿಂದ ‘ಉದ್ಗಮ್’ ಅನ್ನುವ ಪೋರ್ಟಲ್ ಇದೆ. 2025ರ ನವೆಂಬರ್‌ನಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು.

ನಮ್ಮ ಮನೆಯಲ್ಲಿ ಈಗ ಗ್ಯಾಸ್ ಪುಸ್ತಕದ ಜೊತೆ ಒಂದು ಹಾಳೆ ಇದೆ. ಯಾವ ಬ್ಯಾಂಕು, ಯಾವ ಪಾಲಿಸಿ, ನಾಮಿನಿ ಯಾರು, ಸಾಲ ಎಷ್ಟು, ಭಿಶಿ ಯಾರ ಹತ್ತಿರ. ಕಾಲೇಜಿಗೆ ಹೋಗುವ ಮಗಳಿಗೂ ಅದು ಎಲ್ಲಿದೆ ಅಂತ ಗೊತ್ತು. ಊರಿಗೆ ಹೋದಾಗ ಅಣ್ಣನಿಗೆ ನೀನೂ ಒಂದು ಬರೆದಿಡು ಅಂದೆ. ಬದುಕಿರುವಾಗಲೇ ಇಂಥದ್ದೆಲ್ಲ ಬರೆಯೋದು ಅಪಶಕುನ ಅಂತ ಎದ್ದು ಹೋದ. ರಾತ್ರಿ ಅತ್ತಿಗೆಯಿಂದ ವಾಟ್ಸ್‌ಆಪ್ ಬಂತು: ನಿಮ್ಮ ಹಾಳೆಯ ಫೋಟೋ ಕಳಿಸಿ, ಏನೇನು ಕೇಳಬೇಕು ಅಂತ ನೋಡ್ಕೊಳ್ತೀನಿ.