‘ಮೆಟ್ರೊಪೊಲಿಸ್’ ಸಂಪೂರ್ಣವಾಗಿ ಸಿಕ್ಕಿಲ್ಲ: ಒಂದು ಸ್ಪಷ್ಟನೆ

ಫ್ರಿಟ್ಜ್ ಲ್ಯಾಂಗ್ ನಿರ್ದೇಶನದ ಜರ್ಮನಿಯ ಮೂಕಿಚಿತ್ರ ‘ಮೆಟ್ರೊಪೊಲಿಸ್’ 2008ರಲ್ಲಿ ಅರ್ಜೆಂಟೀನಾದಲ್ಲಿ ಇಡಿಯಾಗಿ ದೊರೆಯಿತು, ಈಗ ನಾವು ನೋಡುತ್ತಿರುವುದು 1927ರ ಮೊದಲ ಪ್ರದರ್ಶನದ ಚಿತ್ರವನ್ನೇ ಎಂಬ ಮಾತು ಹರಿದಾಡುತ್ತಿದೆ. ಇದು ಪೂರ್ತಿ ನಿಜವಲ್ಲ.

1927ರ ಜನವರಿ 10ರಂದು ಬರ್ಲಿನ್‌ನಲ್ಲಿ ತೆರೆಕಂಡ ಚಿತ್ರದ ಉದ್ದ 4,189 ಮೀಟರ್. ಅಮೆರಿಕದ ವಿತರಕರೂ ನಿರ್ಮಾಣ ಸಂಸ್ಥೆಯಾದ ಊಫಾ ಕೂಡ ಅದೇ ವರ್ಷ ಅದನ್ನು ಬಹುವಾಗಿ ಮೊಟಕುಗೊಳಿಸಿದರು. ಬ್ಯೂನಸ್ ಐರಿಸ್‌ನ ಸಿನಿಮಾ ವಸ್ತುಸಂಗ್ರಹಾಲಯದಲ್ಲಿ ಪತ್ತೆಯಾದದ್ದು ಮೂಲ ನೆಗೆಟಿವ್ ಅಲ್ಲ. ಸವೆದ 35 ಮಿ.ಮೀ. ಅಗಲದ ಫಿಲ್ಮ್ ಪ್ರತಿಯೊಂದರಿಂದ ಇಳಿಸಿಕೊಂಡ, ಅದಕ್ಕಿಂತ ಚಿಕ್ಕದಾದ 16 ಮಿ.ಮೀ. ನೆಗೆಟಿವ್. ಹಳೆಯ ಪ್ರತಿಯ ಗೀರುಗಳೆಲ್ಲ ಅದರಲ್ಲಿ ದೃಶ್ಯದೊಂದಿಗೇ ಅಚ್ಚಾಗಿದ್ದವು, ಚೌಕಟ್ಟಿನ ಅಂಚೂ ಕತ್ತರಿಸಿಹೋಗಿತ್ತು. ಆದ್ದರಿಂದಲೇ 2010ರ ಫೆಬ್ರುವರಿಯಲ್ಲಿ ಬರ್ಲಿನ್‌ನಲ್ಲಿ ಪ್ರದರ್ಶನಗೊಂಡ ಪುನರುದ್ಧಾರಿತ ಆವೃತ್ತಿಯಲ್ಲಿ, ಹೊಸದಾಗಿ ಸೇರಿದ ಸುಮಾರು 25 ನಿಮಿಷಗಳ ದೃಶ್ಯಗಳು ಗೀರುಗಳಿಂದ ತುಂಬಿ, ಉಳಿದವುಗಳಿಂದ ಬೇರೆಯಾಗಿಯೇ ಕಾಣುತ್ತವೆ.

ಇಷ್ಟಾದರೂ ಕೆಲವು ಭಾಗಗಳು ಸಿಕ್ಕಿಲ್ಲ. ಕೆಥೀಡ್ರಲ್‌ನಲ್ಲಿ ಸನ್ಯಾಸಿಯ ಉಪದೇಶ, ನಗರದ ಒಡೆಯ ಫ್ರೆಡರ್ಸನ್ ಮತ್ತು ವಿಜ್ಞಾನಿ ರೋಟ್‌ವಾಂಗ್ ನಡುವಿನ ಹೊಡೆದಾಟ ಇವೆರಡನ್ನೂ ಬರಹದ ಫಲಕಗಳ ಮೂಲಕವಷ್ಟೇ ತಿಳಿಸಲಾಗಿದೆ. ನನ್ನ ಮಟ್ಟಿಗೆ ಎರಡನೆಯದರ ನಷ್ಟವೇ ದೊಡ್ಡದು, ಏಕೆಂದರೆ ನಾಯಕಿ ಮರಿಯಾ ರೋಟ್‌ವಾಂಗ್‌ನ ಸೆರೆಯಿಂದ ತಪ್ಪಿಸಿಕೊಳ್ಳುವುದು ಆ ಹೊಡೆದಾಟದ ನಡುವೆಯೇ.