ಬೆವರಿನ ಆಸ್ತಿ

ಬೆಂಗಳೂರಿನವರಿಗೆ ಬೆವರೋದೇ ಗೊತ್ತಿಲ್ಲ ಅಂತ ನಮ್ಮ ಮಂಗಳೂರಿನ ನೆಂಟರು ಹೊಟ್ಟೆಕಿಚ್ಚು ಪಡುತ್ತಿದ್ದ ಕಾಲವೊಂದಿತ್ತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು, ಕೇಳಬೇಕೆ? ಚಾಮರಾಜಪೇಟೆಯ ನಮ್ಮ ಹಳೇ ಮನೆಯ ಜಂತೆಗೆ ಫ್ಯಾನಿನ ಕೊಕ್ಕೆಯೇ ಇರಲಿಲ್ಲ. ಈಗ ಏಪ್ರಿಲ್‌ನಲ್ಲಿ ಕರೆಂಟ್ ಹೋದರೆ ಹೆಗಲ ಮೇಲಿನ ಟವೆಲ್ಲೇ ಗತಿ.

ಮೊನ್ನೆಯೂ ಹೋಯಿತು. ಜಗಲಿ ಮೇಲೆ ಬಂದು ಕೂತೆ. ಬೀದಿನಾಯಿಯೊಂದು ಸ್ಕೂಟರಿನ ನೆರಳಿಗೆ ನುಗ್ಗಿ, ಗೇಣುದ್ದ ನಾಲಿಗೆ ಚಾಚಿ ತೇಕುತ್ತಿತ್ತು. ಪಾಪ, ಅದು ಬೆವರೋದು ಅಂಗಾಲಲ್ಲಿ ಮಾತ್ರ. ನನಗೋ ನೆತ್ತಿಯಿಂದ ಹಿಮ್ಮಡಿವರೆಗೆ 20 ಲಕ್ಷಕ್ಕೂ ಜಾಸ್ತಿ ಬೆವರು ಗ್ರಂಥಿಗಳು!

ಇದು ಆಫ್ರಿಕಾದಿಂದ ಬಂದ ಪಿತ್ರಾರ್ಜಿತ ಆಸ್ತಿ. ಅಲ್ಲಿ ಪೂರ್ವಭಾಗದಲ್ಲಿ ಹವೆ ಒಣಗುತ್ತಾ ಒಣಗುತ್ತಾ ಕಾಡು ಕರಗಿ ಹುಲ್ಲುಗಾವಲು ಹಬ್ಬಿತು. ಮರದ ನೆರಳಲ್ಲಿದ್ದವರು ಬಿಸಿಲಲ್ಲಿ ಮೈಲಿಗಟ್ಟಲೆ ಅಲೆಯಬೇಕಾಯಿತು. ಮೈಮೇಲಿನ ದಟ್ಟ ಕೂದಲು ಹೋಗಿ ಬೆವರು ಜಾಸ್ತಿಯಾದದ್ದು ಹಾಗೆ ಅನ್ನುತ್ತಾರೆ ತಿಳಿದವರು. ಎರಡು ಕಾಲಿನ ನಡಿಗೆಯಂತೂ ಇನ್ನೂ ಹಳೆಯದು. ತಾಂಜಾನಿಯಾದ ಲೇಟೋಲಿಯಲ್ಲಿ 36 ಲಕ್ಷ ವರ್ಷಕ್ಕೂ ಹಿಂದೆ ಜ್ವಾಲಾಮುಖಿಯ ಬೂದಿ ಉದುರಿ, ಮೇಲೆ ತುಂತುರು ಮಳೆ ಬಿತ್ತು. ಆ ಒದ್ದೆ ಬೂದಿ ತುಳಿದುಕೊಂಡು ಯಾರೋ ನಡೆದುಹೋದರು. ಬೂದಿ ಗಾರೆಯಂತೆ ಗಟ್ಟಿಯಾಯಿತು, ಹೆಜ್ಜೆ ಉಳಿಯಿತು. ನಮ್ಮ ಗೇಟಿನ ಮುಂದೆ ಸಿಮೆಂಟ್ ಹಾಕಿದ ದಿನ ಇದೇ ನಾಯಿ ಮಾಡಿದ ಕೆಲಸವೂ ಅದೇ. ನಾಲ್ಕು ಹೆಜ್ಜೆ ಈಗಲೂ ಇವೆ. ಆವತ್ತು ಸುಮ್ನೆ ಬೈದೆ.

"ರೀ, ಮುದ್ದೆ ಆರೋಗುತ್ತೆ, ಬನ್ನಿ."

ಬಸ್ಸಾರಿನ ಘಮ ಜಗಲಿಗೇ ಬಂದಿತ್ತು. ಹಿಮಯುಗ ಮುಗಿದು 11,700 ವರ್ಷ ಆಯಿತು. ಹವಾಮಾನ ಒಂದು ಹದಕ್ಕೆ ಬಂದ ಮೇಲೆ ತಾನೆ ಜನ ಅಲ್ಲಲ್ಲಿ ನಿಂತು ಬಿತ್ತಿದ್ದು, ಊರು ಕಟ್ಟಿದ್ದು? ನಮ್ಮ ರಾಗಿಯೂ ಪೂರ್ವ ಆಫ್ರಿಕಾದ ಗುಡ್ಡಗಾಡಿನವರು ಪಳಗಿಸಿದ ಹುಲ್ಲು. ಸಾವಿರಾರು ವರ್ಷದ ಹಿಂದೆ ಇಲ್ಲಿಗೆ ಬಂದು, ಎಷ್ಟು ನಮ್ಮದಾಯಿತೆಂದರೆ ಪರವೂರಿನದು ಅಂದರೆ ನಮ್ಮತ್ತೆ ಜಗಳಕ್ಕೇ ಬರುತ್ತಾರೆ. ಬೆವರೂ ಅಲ್ಲಿಯದೇ, ಬೆವರಿಳಿಸುವ ಮುದ್ದೆಯೂ ಅಲ್ಲಿಯದೇ!

ಎರಡನೇ ಮುದ್ದೆಯಲ್ಲಿ ಒಂದು ತುಂಡು ಮುರಿದು ನಾಯಿಗೆ ಹಾಕಿದೆ. ಅಗಿಯಲೇ ಇಲ್ಲ, ಗುಳುಂ ಅನ್ನಿಸಿತು. ಮುದ್ದೆ ನುಂಗೋ ಕ್ರಮ ನಮ್ಮ ಮಂಗಳೂರಿನ ನೆಂಟರಿಗಿಂತ ಅದಕ್ಕೇ ಚೆನ್ನಾಗಿ ಗೊತ್ತು.