ಫ್ಲ್ಯಾಟಿಗೆ ಶಿಟ್ಜು ತರುವ ಮುಂಚೆ

ಫ್ಲ್ಯಾಟಿನಲ್ಲಿ ಇರುವವರಿಗೆ ಚಿಕ್ಕ ನಾಯಿಯೇ ಸರಿ ಎಂದು ಹೇಳುವವರಿದ್ದಾರೆ. ಜಾಗದ ಮಟ್ಟಿಗೆ ಒಪ್ಪುತ್ತೇನೆ. ಆದರೆ ಮೊದಲು ನೋಡಬೇಕಾದ್ದು ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ ಅನ್ನೋದು. ನಮ್ಮನೆಯಲ್ಲಿ ಶಿಟ್ಜು ಎಂಬ ಉದ್ದ ಕೂದಲಿನ ಚಿಕ್ಕ ತಳಿಯ ನಾಯಿ ಇದೆ. ಅತ್ತೆ ಮನೆಯಲ್ಲೇ ಇರುವುದರಿಂದ ನಡೆಯುತ್ತಿದೆ. ಗಂಡ ಹೆಂಡತಿ ಇಬ್ಬರೂ ಬಾಗಿಲು ಹಾಕಿಕೊಂಡು ಆಫೀಸಿಗೆ ಹೋದರೆ ಪಾಪ, ಅದು ಕೊರಗುತ್ತದೆ, ಬೊಗಳುತ್ತದೆ. ಪಕ್ಕದ ಮನೆಯವರು ಸುಮ್ನಿರ್ತಾರಾ?

ಇನ್ನು ಕೂದಲು. ಉದುರೋದು ಕಡಿಮೆ, ನಿಜ. ಆದರೆ ಬೆಳೆಯುತ್ತಲೇ ಇರುತ್ತದೆ. ದಿನಾ ಬಾಚದಿದ್ದರೆ ಕಿವಿ ಹಿಂದೆ, ಕಂಕುಳಲ್ಲಿ ಗಂಟು ಕಟ್ಟಿ ಚರ್ಮ ಎಳೆಯುತ್ತದೆ. ಮುಟ್ಟಿದರೆ ಕುಂಯ್ ಅನ್ನುತ್ತೆ. ಶಿಟ್ಜು, ಪಗ್ ಎರಡಕ್ಕೂ ಮೂಗು ಚಪ್ಪಟೆ, ಸೆಕೆ ತಡೆಯೋದಿಲ್ಲ. ಕಲಬುರಗಿ, ರಾಯಚೂರು ಕಡೆಯವರು ಇದನ್ನು ಯೋಚಿಸಲೇಬೇಕು.

ಮನೆಯಲ್ಲಿ ಪುಟ್ಟ ಮಗು ಇದ್ದರೆ ಸ್ವಲ್ಪ ಕಾಯಿರಿ. ಎತ್ತಿಕೊಂಡು ಕೈಜಾರಿ ಬೀಳಿಸಿದರೆ ಇಂಥ ನಾಯಿಯ ಕಾಲು ಮುರಿಯೋದು ಸುಲಭ. 12–15 ವರ್ಷ ಬದುಕುವ ಜೀವ ಅಲ್ವಾ? ಹಬ್ಬಕ್ಕೆ ಊರಿಗೆ ಹೋದಾಗ ಅದನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ತರುವ ಮುಂಚೆಯೇ ಕೇಳಿಟ್ಟುಕೊಳ್ಳಿ.